ಒಂದಾಗಬಾರದ ಹಿಟ್ಟು

ಅತ್ತೆಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಮಾತು ಎರಡೇ ವಾರದಲ್ಲಿ ಮರಳಿತು, ಕಾಲು ಒಂದೂವರೆ ತಿಂಗಳಲ್ಲಿ ಸರಿಹೋಯಿತು. ಮಾತು ಇನ್ನೂ ಒಂದು ವಾರ ತಡವಾಗಿದ್ದರೂ ನಡೆಯುತ್ತಿತ್ತು ಎಂದು ಇವರು, ಅಂದರೆ ನನ್ನ ಗಂಡ, ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದರು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ್ದು ಮಲಗಿದ ಹಾಗೇ ಇತ್ತು.

ಅದು ಸಾಮಾನ್ಯ ಕೈಯಲ್ಲ. ಬೀದಿಯ ಕೊನೆಯ ಬ್ರೆಡ್ ಬೇಕರಿಯಲ್ಲಿ ಮೂವತ್ತೊಂದು ವರ್ಷ ಹಿಟ್ಟು ನಾದಿದ ಕೈ. ಯಂತ್ರ ಬಂದ ಮೇಲೂ ಕೊನೆಯ ಹದಿನೈದು ನಿಮಿಷದ ನಾದುವಿಕೆ ಅತ್ತೆಯದೇ ಆಗಿತ್ತು. ಈಗ ಅದೇ ಬೇಕರಿಯಲ್ಲಿ ಇವರು ಒಲೆಯ ಮುಂದೆ ನಿಲ್ಲುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ತಿಂಗಳು ಅತ್ತೆ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ, "ಹಿಟ್ಟು ಕೈ ಬಿಡೋವರೆಗೂ ನೀನು ಹಿಟ್ಟನ್ನ ಬಿಡಬಾರದು" ಎಂದಿದ್ದರು. ಒಂದು ದಿನ ಅರ್ಧಕ್ಕೆ ಬಿಟ್ಟಾಗ ಮಣಿಕಟ್ಟಿನ ಮೇಲೆ ಸಣ್ಣಗೆ ಒಂದು ಏಟೂ ಬಿದ್ದಿತ್ತು. ಅಂದಿನಿಂದ ಬಿಟ್ಟಿಲ್ಲ.

ಪ್ರತಿ ಮಂಗಳವಾರ ಆಸ್ಪತ್ರೆಯಿಂದ ಒಬ್ಬಳು ಬಂದು ಅತ್ತೆಯ ಬೆರಳುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ನನ್ನ ಮಗಳು ಚೂಟಿ ಅವಳಿಗೆ ಬೆರಳಕ್ಕ ಎಂದು ಹೆಸರಿಟ್ಟಿದ್ದಳು. ಹೆಬ್ಬೆರಳಿನಿಂದ ಒಂದೊಂದು ಬೆರಳಿನ ತುದಿಯನ್ನೂ ಮುಟ್ಟಿ ಉಜ್ಜಬೇಕು, ದಿನಕ್ಕೆ ಅರ್ಧ ಗಂಟೆ. ಬೆರಳಕ್ಕ ಎದುರಿಗಿದ್ದಾಗ ಅತ್ತೆ ಗೋಡೆ ನೋಡುತ್ತಾ ಕೂರುತ್ತಿದ್ದರು. ಅವಳು ಬಾಗಿಲು ದಾಟಿದ ಕೂಡಲೇ ಬಲಗೈಯನ್ನು ಎಡಗೈಯಿಂದ ಎತ್ತಿ ಶಾಲಿನೊಳಗೆ ಇಟ್ಟುಕೊಳ್ಳುತ್ತಿದ್ದರು.

"ಇಲ್ಲದ ನಶ್ಯ ಉಜ್ಜು ಅಂತಾಳೆ. ನನಗೆ ತಲೆ ಕೆಟ್ಟಿದ್ಯಾ?"

"ಒಳ್ಳೇದಕ್ಕೇ ಹೇಳ್ತಾಳೆ ಅತ್ತೆ."

"ಬೆರಳ ಮಧ್ಯೆ ಏನಾದ್ರೂ ಇದ್ರೆ ಉಜ್ಜಬಹುದು. ಗಾಳಿ ಉಜ್ಜಿ ಯಾರಿಗೆ ಹೊಟ್ಟೆ ತುಂಬುತ್ತೆ?"

ಎಲೆ ಉದುರಲು ಶುರುವಾದ ವಾರ, ಬೆರಳಕ್ಕ ಚೀಲ ಮುಚ್ಚುತ್ತಾ ಅತ್ತೆಯ ಎದುರಿಗೇ ಹೇಳಿದಳು: "ಅಮ್ಮ, ನಾನು ಬರೋದು ಇನ್ನು ಮೂರೇ ಮಂಗಳವಾರ. ಪ್ರಯತ್ನ ಮಾಡ್ತಿಲ್ಲ ಅಂತ ಬರೆದರೆ ಆಸ್ಪತ್ರೆಯವರು ನನ್ನನ್ನ ಬೇರೆ ಮನೆಗೆ ಕಳಿಸ್ತಾರೆ. ಸುಳ್ಳು ಬರೆಯೋಕೆ ನನಗೆ ಬರಲ್ಲ. ಚಳಿಗಾಲದೊಳಗೆ ಈ ಬೆರಳು ತಾವಾಗಿ ಏನನ್ನಾದ್ರೂ ಹಿಡೀದೇ ಇದ್ರೆ, ಆಮೇಲೆ ಹೀಗೇ ಗಟ್ಟಿಯಾಗಿಬಿಡ್ತವೆ."

"ಆಗ್ಲಿ ಬಿಡು. ಎಡಗೈ ಇದೆಯಲ್ಲ," ಎಂದರು ಅತ್ತೆ.

ಅವಳು ಹೋದ ಮೇಲೆ ನಾನು ಒಗೆದ ಬಟ್ಟೆ ಮಡಚುವ ನೆಪದಲ್ಲಿ ಅದೇ ಕೋಣೆಯಲ್ಲಿ ಸ್ವಲ್ಪ ಹೊತ್ತು ಇದ್ದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಐದು ತಿಂಗಳಿಂದ ಅವರು ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಊಟ, ಚಹಾ ಎಲ್ಲವೂ ಕೋಣೆಗೇ ಹೋಗುತ್ತಿತ್ತು. ಊರುಗೋಲು ಹಿಡಿದು ಬೀದಿಯ ತಿರುವಿನವರೆಗೆ ನಡೆದು ಬರುವವರಿಗೆ ಹನ್ನೆರಡು ಹೆಜ್ಜೆ ದೂರದ ಅಡುಗೆಮನೆ ಮಾತ್ರ ದೂರವಾಗಿತ್ತು. ನಾನು ಕರೆದಿರಲಿಲ್ಲ ಎಂದಲ್ಲ. ಒಂದೆರಡು ಸಲ ಕರೆದೆ, ಮುಖ ನೋಡಿದ ಮೇಲೆ ಸುಮ್ಮನಾದೆ.

ಮಾರನೆಯ ದಿನ ಪಕ್ಕದ ಮನೆಯ ಅಂಚೆಯಕ್ಕ ಒಂದು ಪೆಟ್ಟಿಗೆ ಹಣ್ಣು ತಂದಿಟ್ಟಳು. ಅವಳು ನಮ್ಮ ಬೀದಿಗೆ ಕಾಗದ ಹಂಚುವವಳು. ಕಾಗದಕ್ಕಿಂತ ಮೊದಲೇ ಅದರೊಳಗಿನ ಸುದ್ದಿ ತಲುಪಿಸುತ್ತಾಳೆ ಎಂದು ಅತ್ತೆಯ ದೂರು. ಅವಳ ಹಿತ್ತಲಲ್ಲಿ ಒಂದು ಸೇಬಿನ ಮರ, ಒಂದು ಪೇರ್ ಹಣ್ಣಿನ ಮರ. ಎರಡು ದಿನದ ಗಾಳಿಗೆ ಅರ್ಧ ಫಸಲು ನೆಲಕ್ಕೆ ಬಿದ್ದಿತ್ತು. ಬಿದ್ದ ಹಣ್ಣು ಪೆಟ್ಟು ತಿಂದಿರುತ್ತದೆ, ಇಟ್ಟರೆ ನಿಲ್ಲುವುದಿಲ್ಲ.

"ಕ್ರಂಬಲ್ ಅಂತ ಒಂದು ಸಿಹಿ ಇದೆ, ಮಾಡಿಬಿಡಿ," ಎಂದಳು, ಹೆಗಲಿನ ಚೀಲ ಸರಿಮಾಡಿಕೊಳ್ಳುತ್ತಾ. "ಹಣ್ಣು ಹೆಚ್ಚಿ ತಟ್ಟೆ ತುಂಬ ಹಾಕಿ. ಸಕ್ಕರೆ, ಸ್ವಲ್ಪ ಚಕ್ಕೆ ಪುಡಿ. ಮೇಲಕ್ಕೆ ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಬೆಣ್ಣೆ, ಒಂದು ಬಟ್ಟಲು ಸಕ್ಕರೆ. ಸೇರಿಸಿ ಮೇಲೆ ಹರಡಿ ಮುಕ್ಕಾಲು ಗಂಟೆ ಓವನ್‌ನಲ್ಲಿಟ್ಟರೆ ಮುಗೀತು. ನನ್ನ ತಮ್ಮನೂ ಮಾಡ್ತಾನೆ, ಅವನಿಗೆ ನೀರು ಕಾಯಿಸೋಕೂ ಬರಲ್ಲ."

ಇಷ್ಟು ಹೇಳಿ ಹೊರಟಳು. ಕೈ ಹೇಗೆ ಆಡಬೇಕು ಎಂದು ಹೇಳಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಹೇಳುವ ಅಗತ್ಯವಿರುತ್ತಿರಲಿಲ್ಲ.

ಅಂದೇ, ಬುಧವಾರ ಮಧ್ಯಾಹ್ನ, ಮಾಡಿದೆ. ಹಣ್ಣಿನ ಕೆಲಸ ಸಲೀಸಾಗಿ ಆಯಿತು. ಮೈದಾಕ್ಕೆ ಬೆಣ್ಣೆ ಹಾಕಿದೆ, ಸಕ್ಕರೆ ಹಾಕಿದೆ, ಕೈ ಹಾಕಿದೆ. ಮುಂದಿನದನ್ನು ಕೈಯೇ ನೋಡಿಕೊಂಡಿತು. ಅಂಗೈಯ ಬುಡದಿಂದ ಒತ್ತುವುದು, ಮಡಚುವುದು, ತಿರುಗಿಸುವುದು. ಕಾಲು ಗಂಟೆಯಲ್ಲಿ ಹಿಟ್ಟು ಮಗುವಿನ ಕೆನ್ನೆಯ ಹಾಗೆ ನುಣ್ಣಗಾಯಿತು. ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಮಲಗಿಸಿದೆ ಕೂಡ. ಉಬ್ಬಲು ಅದರಲ್ಲಿ ಏನೂ ಇರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಲಟ್ಟಿಸಿ, ಹಣ್ಣಿನ ಮೇಲೆ ಅಂಚು ಅಂಟಿಸಿ ಹೊದಿಸಿದೆ.

ಓವನ್‌ನಿಂದ ಹೊರಬಂದದ್ದು ಒಂದು ಮುಚ್ಚಳ. ಶಾಲೆಯಿಂದ ಬಂದ ಚೂಟಿ ಅದರ ಮೇಲೆ ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದಳು.

"ಅಮ್ಮ, ಒಳಗೆ ಯಾರಾದ್ರೂ ಇದ್ದಾರಾ?"

"ಸುಮ್ನೆ ತಿನ್ನೇ."

"ಬಾಗಿಲು ತೆಗೀಲಿ, ತಿಂತೀನಿ."

ಇವರು ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ತಂದು ಗರಗಸದ ಹಾಗೆ ಆಡಿಸಿದರು. ಒಳಕೋಣೆಯಿಂದ ಅತ್ತೆಯ ದನಿ ಬಂತು: "ಏನದು ಸದ್ದು? ಬಡಗಿ ಬಂದಿದ್ದಾನಾ?"

ಒಂದು ತುಂಡು ಒಯ್ದುಕೊಟ್ಟೆ. ಅತ್ತೆ ಎಡಗೈಯ ಚಮಚದಿಂದ ಕೆಳಗಿನ ಹಣ್ಣನ್ನಷ್ಟೇ ತಿಂದು, ಮೇಲಿನದನ್ನು ತಟ್ಟೆಯ ಅಂಚಿಗೆ ತಳ್ಳಿದರು.

"ಹಣ್ಣು ಚೆನ್ನಾಗಿದೆ. ಮೇಲಿಂದು ಕಬ್ಬಿಣದ ಕಡಲೆ. ಚಾವಣಿ ರಿಪೇರಿಯವರು ಬಂದಾಗ ಕೊಡು."

"ನೀವು ಕಲಿಸಿದ ಹಾಗೇ ನಾದಿದ್ದು ಅತ್ತೆ."

"ನಾದಿದ್ದರಲ್ಲಿ ತಪ್ಪಿಲ್ಲ," ಎಂದು ಆ ತುಂಡನ್ನು ತಿರುಗಿಸಿ ನೋಡಿದರು. "ಒಂದು ಬಿರುಕಿಲ್ಲ. ಕೈ ಚೆನ್ನಾಗಿ ಕುದುರಿದೆ ನಿಂಗೆ." ಹದಿನಾಲ್ಕು ವರ್ಷದಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಸಿಕ್ಕಿದ್ದು ತಿನ್ನಲಾಗದ ಹಿಟ್ಟಿಗೆ.

ಗುರುವಾರ ಅಂಚೆಯಕ್ಕನಿಗೆ ಕೇಳಿದೆ. ಅವಳು ಕಾಗದದ ಕಟ್ಟನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು, ನಗು ತಡೆಯಲಾಗದೆ.

"ನಾದಿದ್ರಾ? ಮಲಗಿಸಿದ್ರಾ? ಜೋಗುಳ ಹಾಡಲಿಲ್ವಾ?" ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು. "ಒತ್ತಲೇಬಾರದು. ಬೆಣ್ಣೆ ತಣ್ಣಗಿರಬೇಕು, ಕೈಯೂ ತಣ್ಣಗಿರಬೇಕು. ಬೆರಳ ತುದೀಲಿ ಹಿಟ್ಟೂ ಬೆಣ್ಣೇನೂ ಮೆತ್ತಗೆ ಉಜ್ಜಿ ಉದುರಿಸ್ತಾ ಹೋಗೋದು. ಪುಡಿಪುಡಿ ಇರಬೇಕು. ಹಿಟ್ಟು ಒಂದಾಯ್ತೋ, ಕೆಟ್ಟಿತು ಅಂತ ಲೆಕ್ಕ."

ಇದನ್ನು ಅತ್ತೆಗೆ ಹೇಳಿದಾಗ ಅವರು ಮೂಗು ಮುರಿದರು.

"ಒಂದಾಗದ ಹಿಟ್ಟು ಹಿಟ್ಟೇ ಅಲ್ಲ. ಆ ಕಾಗದದವಳಿಗೆ ಏನು ಗೊತ್ತು."

ಶನಿವಾರ ಇವರು ಬೇಕರಿಯಿಂದ ಬಂದು ಊಟ ಮಾಡಿ ಮಲಗಿದ್ದರು. ನಸುಕಿನ ಮೂರೂವರೆಗೆ ಎದ್ದು ಹೋಗುವವರಿಗೆ ಮಧ್ಯಾಹ್ನವೇ ರಾತ್ರಿ. ಪೆಟ್ಟಿಗೆಯಲ್ಲಿ ಇನ್ನೂ ಅರ್ಧ ಹಣ್ಣು ಉಳಿದಿತ್ತು, ಕೆಲವಕ್ಕೆ ಕಂದು ಕಲೆ ಬಂದಿತ್ತು. ಚೂಟಿಗೆ ಸಿಪ್ಪೆ ತೆಗೆಯಲು ಕೊಟ್ಟು ನಾನು ಬೋಗುಣಿಗೆ ಮೈದಾ ಅಳೆದು ಹಾಕಿದೆ. ಬೆಣ್ಣೆಯನ್ನು ಫ್ರಿಜ್ಜಿನಿಂದ ಆಗತಾನೆ ತೆಗೆದು ಸಣ್ಣ ಚೌಕಗಳಾಗಿ ಕೊಯ್ದೆ. ಬೆರಳ ತುದಿ, ಬೆರಳ ತುದಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಶುರುಮಾಡಿದೆ. ಒಂದು ನಿಮಿಷ ಬೆರಳ ತುದಿ ಕೆಲಸ ಮಾಡಿತು. ಆಮೇಲೆ ಚೂಟಿಯ ಲೆಕ್ಕದ ಪರೀಕ್ಷೆಯ ಮಾತು ಬಂತು, ಆ ಮಾತಿನ ಮಧ್ಯೆ ಅಂಗೈ ಇಳಿಯಿತು. ಒತ್ತಿದೆ, ಮಡಚಿದೆ, ತಿರುಗಿಸಿದೆ.

"ನಾದ್ತಾ ಇದೀಯ," ಎಂದು ಒಳಗಿನಿಂದ ಅತ್ತೆ ಕೂಗಿದರು.

"ಇಲ್ಲ ಅತ್ತೆ."

"ಸದ್ದು ಕೇಳ್ತಿದೆ ಕಣೇ. ಮೂವತ್ತು ವರ್ಷ ಕೇಳಿರೋ ಸದ್ದು."

ನೋಡಿದರೆ ಹೌದು. ಬೋಗುಣಿಯಲ್ಲಿ ಅಷ್ಟರಲ್ಲೇ ಒಂದು ಉಂಡೆ ಸಿದ್ಧವಾಗಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಮತ್ತೆ ಹಿಟ್ಟು ಅಳೆದೆ. ಎರಡನೆಯ ಸಲವೂ ಹಾಗೇ. ಕೈಗೆ ಬುದ್ಧಿ ಹೇಳುವುದು ಗಂಡನಿಗೆ ಹೇಳಿದಷ್ಟೇ ಕಷ್ಟ. ಎದುರಿಗೆ ತಲೆಯಾಡಿಸುತ್ತದೆ, ತಿರುಗಿದರೆ ತನ್ನ ದಾರಿ ತನಗೆ. ಸದ್ದಾಗದಿರಲಿ ಎಂದು ಬೋಗುಣಿಯ ಕೆಳಗೆ ಒಂದು ಟವೆಲ್ ಹಾಕಿದೆ.

ಊರುಗೋಲಿನ ಶಬ್ದ ಕೇಳಿಸಿತು. ಹತ್ತು, ಹನ್ನೊಂದು, ಹನ್ನೆರಡು ಹೆಜ್ಜೆ. ಅತ್ತೆ ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ನಿಂತು ಮೇಜು ನೋಡಿದರು. ಅಡುಗೆಮನೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಎರಡು ಉಂಡೆಗಳನ್ನು ನೋಡಿದರು.

"ಇಷ್ಟೊಂದು ಬೆಣ್ಣೆ ಹಾಳು ಮಾಡ್ತಾ ಇದ್ರೆ ಮಲಗೋದು ಹೇಗೆ? ಆ ಕುರ್ಚಿ ಎಳಿ."

ಎಳೆದೆ. ಚೂಟಿ ನನ್ನ ಕಡೆ ಕಣ್ಣರಳಿಸಿದಳು. ನಾನು ಕಣ್ಣಲ್ಲೇ ಸುಮ್ಮನಿರು ಎಂದೆ. ಹೊಸದಾಗಿ ಹಿಟ್ಟು, ಬೆಣ್ಣೆ ಹಾಕಿ, ಟವೆಲ್ ತೆಗೆದು ಬೋಗುಣಿಯನ್ನು ಅತ್ತೆಯ ಮುಂದಿಟ್ಟೆ. ಅವರು ಎಡಗೈ ಹಾಕಿದರು. ಕೈ ಆಡಿದಂತೆಲ್ಲ ಬೋಗುಣಿ ಮೇಜಿನ ಮೇಲೆ ಗಿರಕಿ ಹೊಡೆಯಿತು. ಚೂಟಿ ಹಿಡಿಯಲು ಬಂದಳು.

"ದೂರ ಇರು. ನಿನ್ನ ಕೈ ತುಂಬ ಸಿಪ್ಪೆ."

ಅತ್ತೆ ಎಡಗೈಯಿಂದ ಶಾಲು ಸರಿಸಿ, ಬಲಗೈಯನ್ನು ಒಂದು ಸಾಮಾನು ಎತ್ತಿಡುವ ಹಾಗೆ ಎತ್ತಿ ಬೋಗುಣಿಯ ಅಂಚಿಗೆ ಇಟ್ಟರು. ಅದರ ಭಾರಕ್ಕೆ ಬೋಗುಣಿ ನಿಂತಿತು. ಎಡಗೈ ಮತ್ತೆ ಹಿಟ್ಟಿಗೆ ಇಳಿಯಿತು. ನಾಲ್ಕು ಸಲ ಉಜ್ಜಿತು, ಐದನೆಯ ಸಲ ಒತ್ತಿತು. ಅದಕ್ಕೂ ಮೂವತ್ತೊಂದು ವರ್ಷದ ಅನುಭವವಿತ್ತಲ್ಲ. ಕಣ್ಣ ಮುಂದೆಯೇ ಹಿಟ್ಟು ಒಂದಾಗತೊಡಗಿತು.

"ಥೂ," ಎಂದರು ಅತ್ತೆ. "ಇದೂ ಅದೇ ಜಾತಿ."

"ನಾನೇ ಫೋರ್ಕಿನಲ್ಲಿ ಏನಾದ್ರೂ ಮಾಡ್ತೀನಿ ಬಿಡಿ ಅತ್ತೆ."

"ಈ ಬಲಗೈಗಂತೂ ಒತ್ತೋ ಶಕ್ತಿನೇ ಇಲ್ಲ. ಮಂಜುಗಡ್ಡೆ ಹಾಗೆ ತಣ್ಣಗೆ ಬಿದ್ದಿರುತ್ತೆ."

ಚೂಟಿ ಪೇರ್ ಹಣ್ಣಿನ ಸಿಪ್ಪೆ ತೆಗೆಯುತ್ತಲೇ, ತಲೆ ಎತ್ತದೆ ಹೇಳಿದಳು: "ಒಳ್ಳೇದೇ ಆಯ್ತಲ್ಲ ಅಜ್ಜಿ. ಒತ್ತಬಾರದು, ಕೈ ತಣ್ಣಗಿರಬೇಕು ಅಂತ ತಾನೇ ಅಂಚೆಯಕ್ಕ ಹೇಳಿದ್ದು."

ಅತ್ತೆ ಮೊದಲು ಮೊಮ್ಮಗಳನ್ನು ನೋಡಿದರು, ಆಮೇಲೆ ನನ್ನನ್ನು.

"ಇದನ್ನೆಲ್ಲ ಆ ಬೆರಳಿನವಳು ಹೇಳಿಕೊಟ್ಟಳಾ?"

"ಯಾವುದನ್ನ?"

"ನಾಟಕ ಬೇಡ. ಹಣ್ಣು ತರಿಸಿ, ಹಿಟ್ಟು ಕೆಡಿಸಿ, ನನ್ನನ್ನ ಇಲ್ಲಿವರೆಗೆ ಎಳ್ಕೊಂಡು ಬಂದಿದ್ದು."

"ಹಣ್ಣು ಗಾಳಿಗೆ ಬಿದ್ದಿದ್ದು ಅತ್ತೆ. ಹಿಟ್ಟು ಕೆಟ್ಟಿದ್ದು ನೀವು ಕಲಿಸಿದ ಪಾಠದಿಂದ."

ಅವರು ನಂಬಲಿಲ್ಲ. ಊರುಗೋಲಿಗೆ ಕೈ ಚಾಚಿದರು. ನಿಜ ಹೇಳಬೇಕೆಂದರೆ ನಾನು ಏನನ್ನೂ ಯೋಚಿಸಿ ಮಾಡಿರಲಿಲ್ಲ. ಹಣ್ಣು ಕೊಳೆಯಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಆದರೆ ಆ ಕ್ಷಣ ಅವರು ಎದ್ದು ಹೋದರೆ ಮತ್ತೆ ಈ ಕುರ್ಚಿಗೆ ಬರುವುದಿಲ್ಲ ಎನ್ನುವುದು ನನಗೆ ಸ್ಪಷ್ಟವಾಗಿ ತಿಳಿಯಿತು. ಉಳಿದಿದ್ದದ್ದು ಮೂರೇ ಮಂಗಳವಾರ. ಬೇಡಿಕೊಂಡರೆ ಎದ್ದೇ ಹೋಗುತ್ತಾರೆ. ನಾನು ಬೋಗುಣಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಬೇಡ ಅಂದ್ರೆ ಬೇಡ ಅತ್ತೆ. ಇದನ್ನೂ ನಾದಿ ಮುಚ್ಚಳ ಮಾಡಿಬಿಡ್ತೀನಿ. ನಿಮ್ಮ ಮಗ ಚಾಕು ತಂದು ಕೊಯ್ತಾರೆ." ಎಂದು ಅಂಗೈಯನ್ನು ಒಳಗಿಟ್ಟು ಜೋರಾಗಿಯೇ ಒತ್ತಿದೆ.

"ತೆಗಿ ಕೈ," ಎಂದರು ಅತ್ತೆ.

ತೆಗೆದೆ. ಅವರು ಊರುಗೋಲನ್ನು ಮತ್ತೆ ಮೇಜಿಗೆ ಒರಗಿಸಿದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ, ಹಿಟ್ಟಿನೊಳಗೆ ಇಳಿಸಿದರು. ಬೆರಳುಗಳು ಹಿಟ್ಟಿನ ಮೇಲೆ ಸುಮ್ಮನೆ ಕೂತಿದ್ದವು. ಒಂದು ಬೆಣ್ಣೆಯ ಚೌಕವನ್ನು ಎಡಗೈಯಿಂದ ತೆಗೆದು ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟರು. ಅದು ಜಾರಿ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಮೂರನೆಯ ಸಲ ಬೆಣ್ಣೆ ನಿಂತಿತು. ಹೆಬ್ಬೆರಳು ಗೋಧಿಕಾಳಿನಷ್ಟು ಸರಿಯಿತು. ಬೆಣ್ಣೆಯ ಒಂದು ಮೂಲೆ ಪುಡಿಯಾಗಿ ಹಿಟ್ಟಿಗೆ ಉದುರಿತು.

ನಾನು ನೋಡುತ್ತಾ ನಿಲ್ಲಲಿಲ್ಲ. ಸಿಂಕಿನಲ್ಲಿ ಮಧ್ಯಾಹ್ನದ ಪಾತ್ರೆಗಳಿದ್ದವು. ಬೆನ್ನು ತಿರುಗಿಸಿ ತೊಳೆಯತೊಡಗಿದೆ. ಹಿಂದೆ ಅತ್ತೆಯ ಉಸಿರು ಕೇಳಿಸುತ್ತಿತ್ತು, ಮೆಟ್ಟಿಲು ಹತ್ತುವವರ ಉಸಿರಿನ ಹಾಗೆ. ನಡುನಡುವೆ ಬೈಗುಳ. ಬೈಗುಳ ಬೆಣ್ಣೆಗೋ ಬೆರಳಿಗೋ ಗೊತ್ತಾಗಲಿಲ್ಲ. ಪಾತ್ರೆ ಮುಗಿದ ಮೇಲೆ ತೊಳೆದ ಎರಡು ಲೋಟಗಳನ್ನು ಮತ್ತೆ ತೊಳೆದೆ.

ಮುಕ್ಕಾಲು ಗಂಟೆಯಲ್ಲಿ ಅತ್ತೆ ಮಾಡಿದ್ದು ಎರಡು ಹಿಡಿಯಷ್ಟು. ಮಿಕ್ಕದ್ದನ್ನು ನಾನು ಫೋರ್ಕಿನಲ್ಲಿ ಕೆದಕಿ ಹೇಗೋ ಪುಡಿಮಾಡಿದೆ. ಕೈ ಮುಟ್ಟಿಸಬೇಡ ಎಂದು ಅತ್ತೆ ಕಾವಲು ಕೂತಿದ್ದರು. ಹಣ್ಣನ್ನು ಗಾಜಿನ ತಟ್ಟೆಗೆ ಹರವಿ, ಸಕ್ಕರೆ ಚಕ್ಕೆ ಹಾಕಿ, ಮೇಲೆ ಪುಡಿ ಉದುರಿಸಿದೆವು. ಅತ್ತೆಯದು ಒಂದು ಮೂಲೆಗೆ, ನನ್ನದು ಉಳಿದ ಕಡೆಗೆ. ಓವನ್ ಬಾಗಿಲು ಮುಚ್ಚಿದ ಮೇಲೂ ಅವರು ಕೋಣೆಗೆ ಹೋಗಲಿಲ್ಲ. ಬಲಗೈ ಮೇಜಿನ ಮೇಲೇ ಇತ್ತು, ಉಗುರಿನ ಸಂದಿಯಲ್ಲಿ ಹಿಟ್ಟು.

"ತೊಳೆದುಕೊಡ್ಲಾ ಅತ್ತೆ?"

"ಇರ್ಲಿ."

ವಾಸನೆಗೆ ಇವರು ಎದ್ದು ಬಂದರು, ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ. ತಾಯಿ ಅಡುಗೆಮನೆಯಲ್ಲಿ ಕೂತಿರುವುದನ್ನು ನೋಡಿದರು, ನನ್ನನ್ನು ನೋಡಿದರು, ಸ್ಟೂಲು ಎಳೆದುಕೊಂಡರು. ತಟ್ಟೆ ಮೇಜಿಗೆ ಬಂತು. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಹಣ್ಣಿನ ರಸ ಕುದಿದು ಉಕ್ಕಿತ್ತು. ಇವರು ಎಲ್ಲ ಬಿಟ್ಟು ಅತ್ತೆಯ ಪುಡಿಯಿದ್ದ ಮೂಲೆಗೇ ಚಮಚ ಹಾಕಿದರು. ಚೂಟಿ ನನ್ನ ಕಾಲು ತುಳಿದಳು.

ಇವರು ತಿನ್ನುವುದರಲ್ಲಿ ಪ್ರಾಮಾಣಿಕರು. ನಮ್ಮ ಮದುವೆಯ ದಿನದ ಬ್ರೆಡ್ಡಿಗೂ ಉಪ್ಪು ಕಡಿಮೆ ಎಂದವರು. ಎರಡು ಸಲ ಅಗಿದು ಹೇಳಿದರು: "ಇಲ್ಲಿ ಒಂದು ಕಡೆ ಹಿಟ್ಟು ಒಣ ಒಣಗಿದೆ. ಬೆಣ್ಣೆ ಸರಿಯಾಗಿ ಸೇರಿಲ್ಲ. ಯಾರು ಮಾಡಿದ್ದು ಇದನ್ನ?"

ನಾನು ನಾನೇ ಎನ್ನಲು ಬಾಯಿ ತೆರೆದೆ.

"ನಾನು," ಎಂದರು ಅತ್ತೆ. "ಬಲಗೈಲಿ. ನಿನ್ನ ಬೇಕರೀಲಿ ಕೆಲಸ ಕೊಡ್ತೀಯೇನೋ?"

ಇವರು ಚಮಚ ಕೆಳಗಿಟ್ಟರು. ಮೇಜಿನ ಮೇಲಿದ್ದ ಆ ಕೈಯನ್ನು, ಉಗುರಿನ ಹಿಟ್ಟನ್ನು ನೋಡಿದರು. ಏನೋ ಮೃದುವಾದ ಮಾತು ಹೇಳಿಬಿಡುತ್ತಾರೆ, ಎಲ್ಲವೂ ಕೆಡುತ್ತದೆ ಎಂದು ನನಗೆ ಭಯವಾಯಿತು. ಅವರು ಚಮಚ ಮತ್ತೆ ಎತ್ತಿಕೊಂಡು ಅದೇ ಮೂಲೆಯಿಂದ ಇನ್ನೊಂದು ತುತ್ತು ತೆಗೆದರು.

"ಈಗಲೇ ಕೊಡಲ್ಲ. ಇನ್ನೂ ಸ್ವಲ್ಪ ಕಲೀಬೇಕು."

"ನಿನಗೆ ಕಲಿಸಿದ್ದೇ ತಪ್ಪಾಯ್ತು," ಎಂದು ಅತ್ತೆ ನಕ್ಕರು. ನಕ್ಕಾಗ ಬಾಯಿ ಇನ್ನೂ ಕೊಂಚ ಒಂದು ಕಡೆಗೆ ವಾಲುತ್ತಿತ್ತು. ಐದು ತಿಂಗಳಲ್ಲಿ ಅದು ನನಗೆ ಗೊತ್ತಾಗಿರಲಿಲ್ಲ, ಗೊತ್ತಾಗಲು ಅವರು ನಕ್ಕಿರಲಿಲ್ಲ.

ಭಾನುವಾರ ಕೈ ನೋಯುತ್ತಿದೆ ಎಂದು ದಿನವಿಡೀ ಗೊಣಗಿದರು, ಶಾಲಿನಿಂದ ಹೊರಗೆ ತೆಗೆಯಲಿಲ್ಲ. ನಾನು ಕೇಳಲೂ ಇಲ್ಲ. ಸೋಮವಾರ ಚೂಟಿ ಶಾಲೆಗೆ ಹೊರಟ ಮೇಲೆ, ನಾನು ನೆಲ ಒರೆಸುತ್ತಿದ್ದಾಗ ಕೋಣೆಯಿಂದ ಪ್ರಶ್ನೆ ಬಂತು: "ಪೆಟ್ಟಿಗೇಲಿ ಇನ್ನೆಷ್ಟು ಹಣ್ಣಿದೆ?"

"ಒಂದು ತಟ್ಟೆಗೆ ಆಗುತ್ತೆ ಅತ್ತೆ."

"ನಾಳೆಗಿರಲಿ. ಬೆಣ್ಣೆ ಫ್ರಿಜ್ಜಿನಲ್ಲೇ ಇಡು."

ಮಂಗಳವಾರ ಬೆರಳಕ್ಕ ಬಂದು ಕೋಣೆಯಲ್ಲಿ ಹುಡುಕಿ, ಅಲ್ಲಿ ಕಾಣದೆ ಅಡುಗೆಮನೆಗೆ ಬಂದಳು. ಅತ್ತೆ ಬೋಗುಣಿಯ ಮುಂದೆ ಕೂತಿದ್ದರು. ಅವಳು ಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ನೋಡುತ್ತಾ ನಿಂತಳು. ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ತಡವಾಗಿ, ನಡುಗುತ್ತಾ, ನಡುಬೆರಳನ್ನೂ ಮುಟ್ಟಿತು. ಮೂರನೆಯದರ ಹತ್ತಿರ ಹೋಗಿ ವಾಪಸ್ಸು ಬಂತು.

"ಉಂಗುರದ ಬೆರಳು, ಅಮ್ಮ?"

"ಅದು ಹುಟ್ಟಾ ಸೋಮಾರಿ. ಬೇಕರೀಲೂ ಅದು ಕೆಲಸ ಮಾಡಿದ್ದು ನಾನು ನೋಡಿಲ್ಲ."

"ಕೈ ಹಿಂದಿನ ಹಾಗೆ ಆಗುತ್ತೆ ಅಂತ ನಾನು ಹೇಳಲ್ಲ," ಎಂದಳು ಬೆರಳಕ್ಕ, ಎಚ್ಚರಿಕೆಯಿಂದ.

"ನಾನು ಕೇಳಿದ್ನಾ?"

ಅವಳು ಚೀಲದಿಂದ ಪುಸ್ತಕ ತೆಗೆದು, ಗೋಡೆಗೆ ಒತ್ತಿಟ್ಟುಕೊಂಡು ಬರೆದಳು. ಕೊನೆಯ ಭೇಟಿ ಎಂದು ಗುರುತು ಹಾಕಿದ್ದ ಸಾಲನ್ನು ಹೊಡೆದುಹಾಕಿದ್ದು ನನಗೆ ಕಾಣಿಸಿತು. ಕೆಳಗೆ ಒಂದರ ಕೆಳಗೊಂದು ಮಂಗಳವಾರಗಳನ್ನು ಬರೆಯುತ್ತಾ ಹೋದಳು, ಚಳಿಗಾಲ ಮುಗಿಯುವವರೆಗೆ. ಒಂಬತ್ತು ಗಂಟೆಗೇ ಬರಲಾ ಎಂದು ಕೇಳಿದಳು.

"ಹತ್ತಕ್ಕೆ ಬಾ," ಎಂದರು ಅತ್ತೆ ತಲೆ ಎತ್ತದೆ. "ಒಂಬತ್ತಕ್ಕೆ ಇವಳಿಗೆ ಬಟ್ಟೆ ಒಣಹಾಕೋ ಕೆಲಸ ಇರುತ್ತೆ. ಹಣ್ಣು ಹೆಚ್ಚೋರು ಯಾರು?"

ನಾನು ಅವಳಿಗೆ ಚಹಾಕ್ಕೆ ನೀರಿಟ್ಟೆ. ಬೋಗುಣಿಯಲ್ಲಿ ಇನ್ನೂ ಅರ್ಧದಷ್ಟು ಬೆಣ್ಣೆ ಚೌಕಗಳಾಗಿಯೇ ಉಳಿದಿತ್ತು. ಅತ್ತೆ ಅದರಲ್ಲೊಂದನ್ನು ಹೆಕ್ಕಿ ಬಲಗೈಯ ಬೆರಳುಗಳ ನಡುವೆ ಇಟ್ಟುಕೊಂಡರು.